ಉಸಿರಿಲ್ಲದ ಕೊಂಬು

ಏಳು ಕಡಲಿನಾಚೆ, ನಕಾಶೆ ಬರೆಯುವವರ ಕೈ ನಡುಗುವ ಕಡೆ, ಕಲ್ಲಳಿವೆ ಎಂಬ ರಾಜ್ಯವಿತ್ತು. ಅದರ ತುದಿಯ ಬಂಡೆಯ ಮೇಲೊಂದು ದೀಪದ ಗೋಪುರ. ಮಂಜು ಕವಿದು ದೀಪ ಕಾಣದಾದರೆ ಅಲ್ಲಿಂದ ಹಿತ್ತಾಳೆಯ ಕೊಂಬು ಊದುತ್ತಿದ್ದರು. ದೋಣಿಗಳು ಆ ದನಿ ಹಿಡಿದು ದಡ ಸೇರುತ್ತಿದ್ದವು. ಊದುವ ಕೆಲಸ ದುಗ್ಗಮ್ಮನ ಮನೆತನದ್ದು. ಮೂಗಿನಲ್ಲಿ ಉಸಿರೆಳೆಯುತ್ತಲೇ ಕೆನ್ನೆಯಿಂದ ಊದಬೇಕು, ದನಿ ಎಲ್ಲೂ ಕಡಿಯಬಾರದು. ನಡುವೆ ಉಸಿರು ಕೇಳಿಸಿದರೆ ಮನೆತನಕ್ಕೇ ಅವಮಾನ. ಅಷ್ಟು ಬಿಗುಮಾನ ಆ ಮನೆಯವರಿಗೆ.

ಒಂದು ಬೆಳಿಗ್ಗೆ ಹನ್ನೆರಡು ದೋಣಿಗಳು ಕಡಲಲ್ಲಿದ್ದಾಗ ಮಂಜು ಇಳಿಯಿತು. ಒಂದರಲ್ಲಿ ದುಗ್ಗಮ್ಮನ ಅಣ್ಣ ತಿಮ್ಮಣ್ಣನಿದ್ದ. ಅವಳು ಕೊಂಬೂದಿದಳು. ಆಗ ದೋಣಿ ಒಡೆಯುವ ಹಲ್ಲುಬಂಡೆಗಳ ಕಡೆಯಿಂದಲೂ ಅದೇ ಕೊಂಬು ಕೇಳಿಸಿತು. ಊದುತ್ತಿದ್ದವನು ಮಂಜಿನ ಮಾಂತ್ರಿಕ. ಅವನಿಗೆ ಮಂಜೇ ಮೈ, ಅದರೊಳಗೊಂದು ಬಾಯಿ ಮಾತ್ರ. ಮುಳುಗಿದವರ ದನಿ ತಿಂದು ಬದುಕುವವನು.

ದುಗ್ಗಮ್ಮ ಜೋರಾಗಿ ಊದಿದಳು. ಮಂಜೂ ಜೋರಾಗಿ ಊದಿತು. ನಾಲ್ಕು ದೋಣಿಗಳ ಹುಟ್ಟಿನ ಸದ್ದು ಬಂಡೆಗಳತ್ತ ಸರಿಯಿತು.

ಅವಳು ಉದ್ದಕ್ಕೆ ಊದಿದಳು. ಮಂಜೂ ಉದ್ದಕ್ಕೆ ಊದಿತು. ಮತ್ತೆ ನಾಲ್ಕು ಅತ್ತ ಹೊರಳಿದವು.

ಅವಳು ಕೊಂಬು ಕೆಳಗಿಟ್ಟು ಕೂಗಿದಳು, "ಅಣ್ಣಯ್ಯಾ, ಇತ್ತ ಬಾ."

"ಅಣ್ಣಯ್ಯಾ, ಇತ್ತ ಬಾ," ಎಂದು ಅವಳದೇ ದನಿ ಬಂಡೆಗಳ ನಡುವಿನಿಂದ ಕರೆಯಿತು. ಕರೆಯುತ್ತಲೇ ಇತ್ತು, ಒಮ್ಮೆಯೂ ನಿಲ್ಲದೆ.

"ಬಂದೆ ತಂಗಿ," ಎಂದ ತಿಮ್ಮಣ್ಣ, ಬಂಡೆಗಳಿಗೆ.

"ಅಪ್ಪಯ್ಯಾ," ಎಂದಳು ಪಕ್ಕದಲ್ಲಿ ಕೂತಿದ್ದ ಮುದಿ ತಂದೆಗೆ, "ಅವನು ಉಸಿರೇ ಎಳೆಯುವುದಿಲ್ಲ."

"ನೀನು ಎಳೆಯುವುದೂ ಕೇಳಿಸಬಾರದು."

"ಅದಕ್ಕೇ ಅಣ್ಣಯ್ಯನಿಗೆ ನನ್ನ ಗುರುತು ಸಿಗುವುದಿಲ್ಲ. ನಾನು ಕಡಿದು ಊದುತ್ತೇನೆ."

"ಬೇಡ ಮಗಾ. ಊರವರು ಆಡಿಕೊಳ್ತಾರೆ."

"ಆಡಿಕೊಳ್ಳಲಿಕ್ಕಾದರೂ ಬದುಕಿ ಬರಲಿ, ಅಪ್ಪಯ್ಯ."

ಅವಳು ಊದಿದಳು, ನಡುವೆ ನಿಲ್ಲಿಸಿದಳು, ಕೊಂಬಿನ ಬಾಯಿಗೇ ಬಾಯಿಟ್ಟು ಗೊರಗೊರ ಉಸಿರೆಳೆದಳು, ಮತ್ತೆ ಊದಿದಳು. ಆ ಸದ್ದು ಕಡಲ ಮೇಲೆಲ್ಲ ಹರಡಿತು. ಹುಟ್ಟುಗಳು ನಿಂತವು.

ಮಾಂತ್ರಿಕನಿಗೆ ಅನುಕರಿಸದೆ ಇರಲಾಗದು. ಅವನೂ ನಿಲ್ಲಿಸಿದ, ಹುಟ್ಟಿದ ಮೇಲೆ ಮೊದಲ ಸಲ ಉಸಿರೆಳೆದ. ಎಳೆದುಕೊಳ್ಳಲು ಸುತ್ತ ಇದ್ದದ್ದು ಅವನೇ. ನೀರಿನ ಮೇಲಿಂದ, ಗೋಪುರದ ಮೆಟ್ಟಿಲುಗಳಿಂದ, ದೋಣಿಗಳ ಒಳಗಿಂದ ಮಂಜೆಲ್ಲ ಆ ಬಾಯೊಳಗೆ ಹೋಯಿತು. ಕಡೆಗೆ ತುಟಿಗಳೂ ಒಳಗೆ ಹೋದವು. ಬಿಸಿಲು ಬಿತ್ತು. ತಿಮ್ಮಣ್ಣನ ದೋಣಿಗೂ ಬಂಡೆಗೂ ಒಂದು ಮೊಳದ ಅಂತರವಿತ್ತು.

ಹನ್ನೆರಡೂ ದೋಣಿಗಳು ದಡ ಸೇರಿದವು. "ಎಂಥ ಊದುವುದು ಮಾರಾಯ್ತಿ, ಉಬ್ಬಸದ ಎಮ್ಮೆಯ ಹಾಗೆ," ಎಂದ ತಿಮ್ಮಣ್ಣ. ಊರೆಲ್ಲ ನಕ್ಕಿತು, ದುಗ್ಗಮ್ಮನೂ ನಕ್ಕಳು. ಅಂದಿನಿಂದ ಕಲ್ಲಳಿವೆಯ ಕೊಂಬನ್ನು ಕಡಿದು ಕಡಿದೇ ಊದತೊಡಗಿದರು, ಅಲ್ಲಿಯ ಜನ ಮಂಜಿಗೆ ಹೆದರದೆ ಸುಖವಾಗಿ ಬಾಳಿದರು.

ಅಪ್ಪಯ್ಯ ಮಾತ್ರ ಆ ದಿನ ನಗಲಿಲ್ಲ. ಮಗನ ಮೂಗಿನ ಕೆಳಗೆ ಬೆರಳಿಟ್ಟು, ಬೆಚ್ಚಗಿನ ಗಾಳಿ ತಾಗಿದ ಮೇಲೂ ತುಂಬ ಹೊತ್ತು ಹಾಗೇ ನಿಂತಿದ್ದರು.