ಖಾಲಿ ಕೊಡಬಾರದ ಪಾತ್ರೆ

"ಬೇರೆ ಎಂತ ಬೇಕಾದ್ರೂ ಮಾಡಿ ಮಾರಾಯ್ರೇ. ಕನಸಿನಲ್ಲಿ ಯಾರು ಕೊಟ್ರೂ ಉಣ್ಲಿಕ್ಕೆ ಮಾತ್ರ ಹೋಗ್ಬೇಡಿ" ಎಂದರು ಸರೋಜಿನಿ.

ಕನಸಿನೊಳಗೆ ಎಚ್ಚರವಾಗಿರುವುದನ್ನು ಕಲಿಯುತ್ತಿದ್ದೇನೆ ಎಂದು ಆಗಷ್ಟೇ ಹೇಳಿದ್ದ ಕೃಪಾ ಕಿಸಕ್ಕನೆ ನಕ್ಕುಬಿಟ್ಟಳು. ದಾವಣಗೆರೆಯವಳು, ಮಲಯಾಳ ಸೀಮೆಯ ಉಳ್ಳೂರಿನ ಬ್ಯಾಂಕಿಗೆ ವರ್ಗವಾಗಿ ಬಂದು ಅಲ್ಲೇ ಹತ್ತಿರದ ಶ್ರೀಕಾರ್ಯಂನಲ್ಲಿ ಬಾಡಿಗೆಗಿದ್ದಳು. ಕೆಳಮನೆಯ ಸರೋಜಿನಿ ಕಾಸರಗೋಡಿನವರು, ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಆ ಓಣಿಯಲ್ಲಿ ಕನ್ನಡ ಆಡಲು ಅವಳಿಗೆ ಸಿಕ್ಕಿದ್ದು ಅವರೊಬ್ಬರೇ.

"ಕೋರ್ಟಲ್ಲಿ ಕೆಲ್ಸ ಮಾಡಿದ ನೀವೇ ಹಿಂಗಂದ್ರೆ ಹೆಂಗ್ರೀ ಆಂಟಿ? ಕನಸಲ್ಲಿ ತಿಂದ್ರೆ ತೂಕ ಹೆಚ್ಚಲ್ಲ. ಲಾಭನೇ ಅಲ್ವಾ?"

ಸರೋಜಿನಿ ನಗಲಿಲ್ಲ. ಬಿಡಿಸುತ್ತಿದ್ದ ಬಸಳೆಯನ್ನು ಬದಿಗಿಟ್ಟರು. "ಕೈವಿಷ ಕೇಳಿದ್ದೀರಾ? ನಿಮ್ಮ ಕಡೆ ಮದ್ದು ಹಾಕುವುದು ಅಂತಾರಲ್ಲ, ಅದೇ. ನಿಮ್ಮ ಯಜಮಾನ್ರು ಫೋರ್ಟ್ ಕೊಚ್ಚಿಯಲ್ಲಿ ಹಿಡಿದ ಮನೆ ಉಂಟಲ್ಲ, ಅಲ್ಲಿಗೆ ನಮ್ಮೂರಿನ ಹೆಣ್ಣೊಂದನ್ನು ಕೊಟ್ಟಿದ್ರು. ಪಾಯಸದಲ್ಲಿ ಹಾಕಿ ಕೊಂದ್ರಂತೆ. ಹಾಗೆ ಹೋದವಳಿಗೆ ಆಚೆಗೂ ದಾರಿ ಇಲ್ಲ, ಈಚೆಗೂ ಇಲ್ಲ. ನಿದ್ದೆಯಲ್ಲಿ ಬಂದು ಉಣಿಸ್ತಾಳೆ. ಉಂಡವರ ಹತ್ರ ಬದಲು ಕೇಳ್ತಾಳೆ. ಆ ಅಡುಗೆಮನೆಗೆ ಬೀಗ ಹಾಕಿದ್ದು ಸುಮ್ಮನೆ ಅಲ್ಲ."

ಆ ಬೀಗವನ್ನು ಕೃಪಾ ನೋಡಿದ್ದಳು. ಗಂಡ ಹೃಷಿಕೇಶನಿಗೆ ಕೊಚ್ಚಿಯ ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಕೆಲಸ. ರಜೆ ಬಂದಾಗ ಮಗಳನ್ನು ಕರೆದುಕೊಂಡು ಅವಳು ರೈಲು ಹತ್ತುತ್ತಿದ್ದಳು. ಆ ಹಳೇ ಮನೆಯ ಅಡುಗೆಕೋಣೆಯ ಬಾಗಿಲ ಸಂದಿಯಿಂದ ಒದ್ದೆ ಬೂದಿಯ, ಕನರಿದ ತೆಂಗಿನೆಣ್ಣೆಯ ವಾಸನೆ ಬರುತ್ತಿತ್ತು. ಓನರ್ ಒಳಗೆ ಹಳೇ ಸಾಮಾನು ತುಂಬಿದ್ದಾನೆ ಎಂದು ಹೃಷಿಕೇಶ್ ಹೇಳಿದ್ದ. ಅವಳು ಅಷ್ಟಕ್ಕೇ ಬಿಟ್ಟಿದ್ದಳು.

ಕನಸಿನೊಳಗೆ ಎಚ್ಚರವಾಗಿರುವ ವಿದ್ಯೆ ಅವಳಿಗೆ ಶೋಕಿಗೆ ಬೇಕಾಗಿರಲಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಪಾಪ, ಕಣ್ಣು ಮುಚ್ಚಿದರೆ ಸಾಕು, ಅದೇ ಕನಸು. ಎರ್ನಾಕುಳಂ ಸ್ಟೇಷನ್ನಿನ ನೂಕುನುಗ್ಗಲು, ಹೊರಟ ರೈಲು, ಏಳು ವರ್ಷದ ಅಪೂರ್ವಾಳ ಬೆವೆತ ಕೈ ತನ್ನ ಕೈಯಿಂದ ಜಾರಿ ಜನರಲ್ಲಿ ಕಾಣೆಯಾಗುವುದು. ಬೆಚ್ಚಿ ಎದ್ದು ಕೂರುತ್ತಿದ್ದಳು. ಮಗಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡಿ ಮತ್ತೆ ಮಲಗುತ್ತಿದ್ದಳು.

ಮೊಬೈಲಿನ ಆ್ಯಪ್ ದಾರಿ ಹೇಳಿಕೊಟ್ಟಿತು. ಹಗಲು ಆಗಾಗ ಕೈಬೆರಳು ಎಣಿಸು, ಇದು ಕನಸೋ ನನಸೋ ಎಂದು ಕೇಳಿಕೋ. ರೂಢಿಯಾದರೆ ಕನಸಿನಲ್ಲೂ ಎಣಿಸುತ್ತೀ. ಅಲ್ಲಿ ಲೆಕ್ಕ ತಪ್ಪುತ್ತದೆ. ತಪ್ಪಿದ ಕೂಡಲೇ ಕನಸಿನೊಳಗೇ ಎಚ್ಚರವಾಗುತ್ತದೆ. ಆಮೇಲೆ ಕನಸು ನೀನು ಹೇಳಿದಂತೆ ಕೇಳುತ್ತದೆ. ಬ್ಯಾಂಕಿನಲ್ಲಿ ಎಲ್ಲರೂ ನಕ್ಕರೂ ಕೃಪಾ ಬೆರಳು ಎಣಿಸುವುದನ್ನು ಬಿಡಲಿಲ್ಲ.

ಅಪೂರ್ವಾಳ ವಿಷಯದಲ್ಲಿ ಅವಳಿಗೆ ಇನ್ನೊಂದು ಸಂಕಟವಿತ್ತು. ಮಗುವಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಂದ ಬರುತ್ತಿರಲಿಲ್ಲ. "ಊಟ ಆಯ್ತಾ ಚಿನ್ನಿ?" ಎಂದರೆ "ಕಳಿಚ್ಚು ಅಮ್ಮೇ" ಎಂದು ಮಲಯಾಳದಲ್ಲೇ ಉತ್ತರಿಸುತ್ತಿದ್ದಳು. "ಒಂದೇ ಒಂದ್ಸಲ ಕನ್ನಡದಲ್ಲಿ ಅಮ್ಮಾ ಅನ್ನೇ" ಎಂದು ಕೃಪಾ ಗೋಗರೆಯುವಳು. ಹುಡುಗಿ ಮುಂದಿನ ಬಿದ್ದ ಹಲ್ಲಿನ ಸಂದಿಯಲ್ಲಿ ನಾಲಿಗೆ ತೂರಿಸಿ ಅಣಕಿಸುವಳು. ಆ ಹಾಲುಹಲ್ಲನ್ನು ಊರಿಗೆ ಹೋದಾಗ ಹೆಂಚಿನ ಮೇಲೆ ಎಸೆಯೋಣವೆಂದು ಕೃಪಾ ದೇವರ ಗೂಡಿನ ಕುಂಕುಮದ ಭರಣಿಯಲ್ಲಿಟ್ಟಿದ್ದಳು.

ಒಂದು ಭಾನುವಾರ ಬೆಳಗಿನ ಜಾವದ ನಿದ್ದೆಯಲ್ಲಿ ಲೆಕ್ಕ ತಪ್ಪಿತು.

ಸ್ಟೇಷನ್. ನೂಕುನುಗ್ಗಲು. ಕೈ ನೋಡಿಕೊಂಡಳು. ಆರು ಬೆರಳು! ಇದು ಕನಸು, ನನ್ನ ಕನಸು. ಜಾರುತ್ತಿದ್ದ ಪುಟ್ಟ ಕೈಯನ್ನು ಬಿಗಿಯಾಗಿ ಹಿಡಿದಳು. "ಸರೀರಿ ಎಲ್ಲಾ" ಎಂದು ಗದರಿದಳು. ಜನ ಕರಗಿ ಹೋದರು. ಎಷ್ಟೋ ತಿಂಗಳ ಭಯ ಒಂದು ಗದರಿಕೆಗೆ ಇಳಿದುಹೋಗಿತ್ತು. ಅವಳು ಗಟ್ಟಿಯಾಗಿ ನಕ್ಕಳು.

ಪ್ಲಾಟ್‌ಫಾರಂ ಮುಗಿದಲ್ಲಿ ಫೋರ್ಟ್ ಕೊಚ್ಚಿಯ ಮನೆ ಇತ್ತು. ಅಡುಗೆಮನೆಯ ಬೀಗ ತೆಗೆದಿತ್ತು. ಒಲೆಯತ್ತ ಮುಖ ಮಾಡಿ ಹೆಂಗಸೊಬ್ಬಳು ಕೂತಿದ್ದಳು. ಒದ್ದೆ ಬೂದಿಯ ವಾಸನೆ.

"ಬನ್ನಿ, ಕೂತ್ಕೊಳ್ಳಿ. ಉಣ್ಣದೆ ಹೋಗ್ಲಿಕ್ಕುಂಟಾ?"

ತಿರುಗದೆಯೇ ಅವಳು ಹಿಡಿಕೆಯಿದ್ದ ಹಿತ್ತಾಳೆಯ ತೂಗುಪಾತ್ರೆಯೊಂದನ್ನು ಹಿಂದಕ್ಕೆ ಚಾಚಿದಳು. ಬೆಲ್ಲದ ಪಾಯಸ. ಸರೋಜಿನಿಯ ಮಾತು ಕೃಪಾಳಿಗೆ ನೆನಪಾಗದೆ ಇರಲಿಲ್ಲ. ನೆನಪಾಯಿತು, ಆದರೂ ಉಂಡಳು. ನನ್ನ ಕನಸಿನಲ್ಲಿ ನನಗೆ ಹೇಳುವವರು ಯಾರು? ಜಂಬ ಅಂದರೆ ಅದು! ಏಲಕ್ಕಿ, ತುಪ್ಪ, ತೆಂಗಿನಕಾಯಿಯ ಹಾಲು. ತಳದಲ್ಲಿ ಮಾತ್ರ ನಾಲಿಗೆಗೆ ಬೂದಿ ಹತ್ತಿತು.

ಮುಂದಿನ ಭಾನುವಾರ ಮಧ್ಯಾಹ್ನ ಮಗಳ ಪಕ್ಕದಲ್ಲಿ ಅಡ್ಡಾದಳು. ಈ ಸಲ ಸ್ಟೇಷನ್ನೇ ಬರಲಿಲ್ಲ. ನೇರ ಅಡುಗೆಮನೆ.

"ನನ್ನ ಪಾತ್ರೆ ಕೊಡಿ."

ತೂಗುಪಾತ್ರೆ ಕೃಪಾಳ ಕೈಯಲ್ಲೇ ಇತ್ತು. ಕೊಡಹೋದವಳು ತಡೆದಳು. ಪರರು ತುಂಬಿ ಕೊಟ್ಟ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದುಂಟೇ? ಏನೂ ಇಲ್ಲದಿದ್ದರೆ ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ಹುಟ್ಟಿದಾಗಿನಿಂದ ಬಂದ ಸಂಪ್ರದಾಯ ಕನಸಿನಲ್ಲೂ ಬಿಡುತ್ತದೆಯೇ! ನೈಟಿಯ ಜೇಬಿಗೆ ಕೈಹಾಕಿದಳು. ಬೆರಳಿಗೆ ಏನೋ ಸಣ್ಣದು, ಗಟ್ಟಿಯದು ಸಿಕ್ಕಿತು. ನೋಡದೆಯೇ ಹಾಕಿದಳು.

ಟಣ್.

ಹೆಂಗಸು ತಿರುಗಿದಳು. ನಕ್ಕಳು. ಬಾಯಿ ತುಂಬ ಹಾಲುಹಲ್ಲು.

ಕಿರುಚಿಕೊಂಡು ಎದ್ದ ಕೃಪಾ ದೇವರ ಗೂಡಿಗೆ ಓಡಿದಳು. ಭರಣಿಯಲ್ಲಿ ಕುಂಕುಮವಿತ್ತು, ಹಲ್ಲು ಇರಲಿಲ್ಲ. ಹಿಂದೆ ಮಂಚದ ಮೇಲಿಂದ ಸಪ್ಪಳ ಬರುತ್ತಿತ್ತು. ಅಪೂರ್ವಾ ನಿದ್ದೆಯಲ್ಲೇ ಏನನ್ನೋ ಅಗಿಯುತ್ತಿದ್ದಳು.

ಕೂಗಿದರೂ ಏಳಲಿಲ್ಲ. ಅಲುಗಿಸಿದರೂ ಏಳಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿದರು. ಮಗು ಮಲಗಿದೆ, ಅಷ್ಟೇ, ಕಾರಣ ತಿಳಿಯುತ್ತಿಲ್ಲ ಎಂದರು. ಹೃಷಿಕೇಶ್ ಕೊಚ್ಚಿಯಿಂದ ರಾತ್ರಿ ರೈಲು ಹತ್ತಿದ. ಸರೋಜಿನಿ ಮಗುವಿನ ಬಾಯಿಯ ಹತ್ತಿರ ಬಗ್ಗಿ ಮೂಸಿದರು. ಬೂದಿ.

"ಅಯ್ಯೋ, ಎಂತ ಕೊಟ್ರಿ ಅವಳಿಗೆ?"

ಕೃಪಾ ಹೇಳಿದಳು. ಹೇಳುತ್ತಾ ಕೆನ್ನೆ ಕೆನ್ನೆ ಬಡಿದುಕೊಂಡಳು. "ನಾನೇ ಕೊಟ್ಟೆ ಆಂಟಿ. ನನ್ನ ಕೈಯಾರೆ ಕೊಟ್ಟೆ."

"ಅಳುವ ಹೊತ್ತಲ್ಲ ಇದು. ಹೋದ ದಾರಿಯಲ್ಲೇ ಮತ್ತೆ ಹೋಗಿ. ಮಾತಾಡ್ಬೇಡಿ, ಕೇಳ್ಬೇಡಿ, ನಿಮ್ಮ ಮಗುವಿನ ಕೈ ಹಿಡಿದು ಎಳ್ಕೊಂಡು ಬನ್ನಿ. ಒಂದು ಸಲ ಮಾತ್ರ ಬಾಗಿಲು ತೆಗೀತದೆ." ಅವರು ಕೃಪಾಳ ಕೈ ಹಿಡಿದುಕೊಂಡರು. "ಯಾರ ಕೈ ಹಿಡೀತೀರಿ ಅಂತ ನೋಡ್ಕೊಳ್ಳಿ, ಆಯ್ತಾ?"

ಮರುದಿನ ಬೆಳಿಗ್ಗೆ, ಮಗುವಿನ ಮಂಚದ ಪಕ್ಕದ ಕುರ್ಚಿಯಲ್ಲಿ, ಡೆಟಾಲಿನ ವಾಸನೆಯ ನಡುವೆ ಕೃಪಾ ಕಣ್ಣು ಮುಚ್ಚಿದಳು. ಬೆರಳು ಎಣಿಸುತ್ತಲೇ ಇದ್ದಳು. ಐದು. ಐದು. ಐದು. ಆರು.

ಕತ್ತಲೆ. ಒಲೆ ಆರಿತ್ತು. ಗೋಡೆಗಳು ಬೆವೆತಿದ್ದವು. ಬೆಳಕಾಗು ಎಂದಳು. ಆಗಲಿಲ್ಲ. ಇದು ನನ್ನ ಕನಸು ಎಂದಳು. ಕತ್ತಲೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹಿಂದೆ ಬಾಗಿಲು ಕಿರ್ರೆಂದಿತು. ಮುಚ್ಚುತ್ತಿತ್ತು.

"ಅಮ್ಮೇ..." ಎಡಗಡೆಯಿಂದ.

"ಅಮ್ಮಾ, ನಾನು ಇಲ್ಲಿದ್ದೇನೆ!" ಬಲಗಡೆಯಿಂದ.

ಎರಡೂ ಅಪೂರ್ವಾಳ ದನಿ. ಬಾಗಿಲ ಸಂದಿ ಕಿರಿದಾಯಿತು. ಇನ್ನೂ ಕಿರಿದಾಯಿತು. ಯೋಚಿಸಲು ಹೊತ್ತಿರಲಿಲ್ಲ. ಅಮ್ಮಾ! ಎಷ್ಟು ವರ್ಷ ಕಾದಿದ್ದಳು ಆ ಒಂದು ಮಾತಿಗೆ. ತಲೆಗಿಂತ ಮೊದಲು ಹೆತ್ತ ಹೊಟ್ಟೆ ಓಗೊಟ್ಟಿತು. ಬಲಕ್ಕೆ ಬಾಗಿದಳು. ಪುಟ್ಟ ಕೈ. ಹಿಡಿದಳು. ಎಳೆದಳು. ಓಡಿದಳು. ಹೊಸಿಲು ದಾಟುವಾಗ ಹೊಳೆಯಿತು, ಈ ಕೈ ಬೆವೆತಿಲ್ಲ. ತಣ್ಣಗಿದೆ. ಹಿಂದೆ ಬಾಗಿಲು ಬಡಿಯಿತು. ಅದರೊಳಗಿಂದ ಕೂಗು.

"ಅಮ್ಮೇ!"

ಕಣ್ಣು ಬಿಟ್ಟಳು. ಆಸ್ಪತ್ರೆ. ಎದ್ದು ಕೂತ ಮಗು ಅವಳ ಕೈ ಹಿಡಿದುಕೊಂಡಿತ್ತು.

"ಹಸಿವಾಗ್ತದೆ ಅಮ್ಮ. ತಿನ್ಲಿಕ್ಕೆ ಎಂತ ಉಂಟು?"

ಕೃಪಾ ಕೈ ನೋಡಿಕೊಂಡಳು. ಐದು ಬೆರಳು. ಮತ್ತೆ ಎಣಿಸಿದಳು. ದೇವರೇ, ಆರು ಇರಲಿ. ಒಂದೇ ಒಂದು ಹೆಚ್ಚಿಗೆ ಇರಲಿ. ಐದೇ ಇತ್ತು.

ಅಷ್ಟರಲ್ಲಿ ಹೃಷಿಕೇಶ್ ಬಂದ, ಮಗಳನ್ನು ಬಾಚಿ ತಬ್ಬಿಕೊಂಡ, ಅತ್ತ, ನಕ್ಕ. "ಕೃಪಾ, ಕೇಳಿದ್ಯಾ? ಕನ್ನಡ ಮಾತಾಡ್ತಿದಾಳೆ ಕಣೇ! ಆಂಟಿ, ನೀವೇ ಕಲಿಸಿದ್ದು ತಾನೆ? ಥೇಟ್ ನಿಮ್ಮೂರಿನ ಥರಾನೇ ಇದೆ."

ಸರೋಜಿನಿ ಬಾಯಿಗೆ ಸೆರಗು ಒತ್ತಿಕೊಂಡು ಗೋಡೆಗೆ ಒರಗಿದ್ದರು. ಆ ಮಗುವಿನ ಜೊತೆ ಅವರು ಯಾವತ್ತೂ ಮಲಯಾಳವನ್ನೇ ಆಡುತ್ತಿದ್ದವರು. ಮಗು ಅವರ ಕಡೆ ನೋಡಿ ನಕ್ಕಿತು. ಹಲ್ಲಿನ ಸಾಲಿನಲ್ಲಿ ಎಲ್ಲಿಯೂ ಸಂದಿ ಇರಲಿಲ್ಲ.

ಈಗ ಕೃಪಾ ಹೊತ್ತು ಸಿಕ್ಕಾಗಲೆಲ್ಲ ಮಲಗುತ್ತಾಳೆ. ಬ್ಯಾಂಕಿಗೆ ದೀರ್ಘ ರಜೆ ಹಾಕಿದ್ದಾಳೆ. ಆರು ಬೆರಳಿನ ಕೈಯಿಂದ ಆ ಬೀಗವನ್ನು ಜಗ್ಗುತ್ತಾಳೆ, ಬಾಗಿಲಿಗೆ ಹಣೆ ಚಚ್ಚಿಕೊಳ್ಳುತ್ತಾಳೆ. ಒಳಗಿಂದ ಒಂದೇ ದನಿ.

"ಅಮ್ಮೇ, ವಾದಿಲ್ ತುರಕ್ಕ್." ಬಾಗಿಲು ತೆಗೆ ಎನ್ನುತ್ತಿದೆ ಮಗು.

ಮಲಯಾಳ ಬೇಡವೆಂದು ವರ್ಷಗಟ್ಟಲೆ ಗೋಗರೆದವಳು ಸಂದಿಗೆ ಬಾಯಿಟ್ಟು ಅದೇ ಭಾಷೆಯಲ್ಲಿ ಸಂತೈಸುತ್ತಾಳೆ. "ಕರಯಲ್ಲೇ ಮೋಳೇ. ಅಮ್ಮ ಇವಿಡೆ ಉಂಡ್." ಅಳಬೇಡ ಮಗಳೇ, ಅಮ್ಮ ಇಲ್ಲೇ ಇದ್ದಾಳೆ. ಒಳಗಿನ ಅಳು ಸ್ವಲ್ಪ ತಗ್ಗುತ್ತದೆ. ಪುಟ್ಟ ಬೆರಳಿನ ತುದಿಯೊಂದು ಸಂದಿಯಿಂದ ಹೊರಬರುತ್ತದೆ. ಅವಳು ಅದನ್ನು ಮುಟ್ಟಲು ಹೋಗುತ್ತಾಳೆ.

ಅಷ್ಟರಲ್ಲಿ ತಣ್ಣನೆಯ ಕೈಯೊಂದು ಕೆನ್ನೆ ತಟ್ಟಿ ಎಬ್ಬಿಸುತ್ತದೆ. ಮಂಚದ ಪಕ್ಕದಲ್ಲಿ ಮಗು ಬಟ್ಟಲು ಹಿಡಿದು ನಿಂತಿರುತ್ತದೆ.

"ಏಳಿ ಅಮ್ಮ" ಎನ್ನುತ್ತದೆ ಅಚ್ಚ ಕನ್ನಡದಲ್ಲಿ. "ಉಣ್ಣದೆ ಮಲಗ್ಲಿಕ್ಕುಂಟಾ?"