ಉದುರಿದ ಫ್ಯೂಷಿಯಾ ಮೊಗ್ಗುಗಳು

"ವಿಷ ಹಾಕಿದಾನೆ ರಾಯರೇ! ನನ್ನ ಗಿಡಕ್ಕೆ ವಿಷ ಹಾಕಿದಾನೆ!"

ಮನೆಯ ಯಜಮಾನಿ ಕೂಗಿಕೊಂಡೇ ಮೆಟ್ಟಿಲು ಹತ್ತಿದಾಗ ಕಾಂಪೌಂಡರನ ಕೈಲಿದ್ದ ಕಾಫಿ ಅರ್ಧ ಅಂಗಿಯ ಮೇಲಾಯಿತು. ಮಹಡಿಯ ಕೋಣೆಯಲ್ಲಿ ಅವನ ಜೊತೆ ಬಾಡಿಗೆಗಿದ್ದ ಕನ್ನಡಕದ ರಾಯರು ಮಾತ್ರ ನಿಧಾನವಾಗಿ ಗಾಜು ಒರೆಸಿಕೊಂಡರು. ಊರಲ್ಲಿ ಏನು ಕಳವಾದರೂ ಜನ ಠಾಣೆಗಿಂತ ಮೊದಲು ಓಡಿ ಬರುತ್ತಿದ್ದುದು ಈ ರಾಯರ ಬಳಿಗೆ. ಕಾಂಪೌಂಡರನಿಗೋ ಅವರ ನಿಧಾನ ಕಂಡರೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಕೆಳಗೆ ಗಾಜಿನ ಮನೆಯಲ್ಲಿ ಜುಮುಕಿಯಂತೆ ತೂಗಬೇಕಿದ್ದ ಫ್ಯೂಷಿಯಾ ಮೊಗ್ಗುಗಳು ನೆಲದ ತುಂಬ ಬಿದ್ದಿದ್ದವು.

"ನಾಳೆ ಹೂವಿನ ಶೋ! ದಿನಾ ಕುಂಡ ಒಂಚೂರು ತಿರುಗಿಸಿ ತಿರುಗಿಸಿ ಮಗು ಥರ ಸಾಕಿದೀನಿ. ಜಾಗ ಬದಲಾದ್ರೆ ಮೊಗ್ಗು ಉದುರುತ್ತೆ, ಸರಿ. ಇದು ಅಲುಗಾಡೇ ಇಲ್ವಲ್ಲ! ನಾನು ಎರಡು ದಿನ ಊರಲ್ಲಿಲ್ಲದಾಗ ಆ ಪ್ರಿಂಟಿಂಗ್ ಪ್ರೆಸ್ಸಿನ ಹುಡುಗ ಇಲ್ಲಿ ಬಂದು ಕೂತಿದ್ದನಂತೆ. ನನ್ನ ತಂಗೀನೇ ನೋಡಿದಾಳೆ. ನನ್ನ ಮಗಳ ಜೊತೆ ಮದುವೆಗೆ ನಾನಿನ್ನೂ ಹ್ಞೂಂ ಅಂದಿಲ್ಲ ಅನ್ನೋ ಸಿಟ್ಟು! ಈ ಸಂಬಂಧ ಇವತ್ತಿಗೆ ಮುಗೀತು."

ಬಾಗಿಲಿಗೊರಗಿದ್ದ ಮಗಳು ತುಟಿ ಕಚ್ಚಿಕೊಂಡಳು.

ರಾಯರು ಕುಕ್ಕರಗಾಲಲ್ಲಿ ಕೂತು, "ಎಲೆಗಳೆಲ್ಲ ಗೋಡೆ ಕಡೆಗೇ ಯಾಕೆ ಮುಖ ಮಾಡಿವೆ?" ಎಂದರು.

"ಅಯ್ಯೋ, ವಿಷದ ಬಾಟ್ಲಿ ಹುಡುಕೋದು ಬಿಟ್ಟು ಎಲೆ ಎಣಿಸ್ತಾ ಕೂತ್ರಲ್ಲ!" ಎಂದು ಕಾಂಪೌಂಡರ್ ತಾನೇ ಹುಡುಗನ ಕೋಣೆಗೆ ಓಡಿದ. ಪ್ರೆಸ್ಸಿನ ಮೆಟ್ಟಿಲ ಕೆಳಗಿನ ಗೂಡು ಅದು. ಕಿಟಕಿಯೇ ಇಲ್ಲ, ಹಗಲಲ್ಲೂ ದೀಪ ಬೇಕು. ಬಾಟ್ಲಿಯೂ ಸಿಗಲಿಲ್ಲ. ಪೆಚ್ಚುಮೋರೆ ಹಾಕಿಕೊಂಡು ಬಂದು ವರದಿ ಒಪ್ಪಿಸಿದರೆ ರಾಯರು ಎದ್ದೇಬಿಟ್ಟರು.

"ಕಿಟಕಿ ಇಲ್ವಾ? ಹಾಗಾದ್ರೆ ಹುಡುಗನನ್ನೂ ಕರ್ಕೊಂಡು ಬಾ. ಎಲ್ರೂ ಅಮ್ಮನವರ ತಂಗಿಯ ಹೊಲಿಗೆ ಕೋಣೆಗೆ ಬನ್ನಿ."

ಹೊಲಿಗೆ ಯಂತ್ರದ ಪಕ್ಕ ಆ ಕೋಣೆಯ ಒಂದೇ ಒಂದು ಕಿಟಕಿ. ತಂಗಿ ಕತ್ತರಿ ಹಿಡಿದು ನಿಂತೇ ಇದ್ದಳು.

"ದಿನಾ ತಿರುಗಿಸಿದ ಗಿಡ ಸುತ್ತಲೂ ಒಂದೇ ಸಮ ಬೆಳೆಯುತ್ತೆ," ಎಂದರು ರಾಯರು. "ಗಾಜಿನ ಮನೇಲಿರೋದು ಒಂದೇ ಕಡೆ ವಾಲಿದೆ. ಅಂದ್ರೆ ಅದು ಯಾವುದೋ ಕಿಟಕೀಲಿ, ಒಂದೇ ಕಡೆಯ ಬೆಳಕಲ್ಲಿ, ಯಾರೂ ತಿರುಗಿಸದೆ ಬೆಳೆದ ಗಿಡ. ಕಡ್ಡಿ ನೆಟ್ಟು ಮಾಡಿದ ಗಿಡ ತಾಯಿ ಗಿಡದ ಪಡಿಯಚ್ಚು, ಹಾಗಾಗಿ ಅಮ್ಮನವರಿಗೂ ಗುರುತು ಸಿಗಲಿಲ್ಲ. ವಿಷ ಗಿಷ ಏನಿಲ್ಲ. ಗಿಡ ಅದಲುಬದಲಾಗಿದೆ, ಜಾಗ ಬದಲಾಗಿದ್ದಕ್ಕೆ ಮೊಗ್ಗು ಉದುರಿದೆ. ಕಿಟಕಿಯೇ ಇಲ್ಲದ ಹುಡುಗ ಅದನ್ನ ಎಲ್ಲಿ ಬೆಳೆಸ್ತಾನೆ? ಅವನನ್ನ ನೋಡಿದೆ ಅಂತ ಚಾಡಿ ಹೇಳಿದವರ ಹತ್ರ ಕಿಟಕಿ ಇದೆ."

ಕಾಂಪೌಂಡರ್ ತಡೆಯಲಾರದೆ ಮೂಲೆಯ ಪರದೆ ಸರಿಸಿದ. ದುಂಡಗಿನ ಗಿಡ ಅಲ್ಲಿತ್ತು. ಅದರ ಮೊಗ್ಗುಗಳೂ ಉದುರಿ ಹೋಗಿದ್ದವು.

ತಂಗಿ ಕುಸಿದು ಕೂತಳು. "ಬೀಜ ಹಾಕಿ ಈ ಬಣ್ಣ ಹುಟ್ಟಿಸಿದ್ದು ನಾನು. ಬಹುಮಾನ ಮಾತ್ರ ಪ್ರತಿ ಸಲ ಅಕ್ಕಂಗೆ. ಒಂದ್ಸಲ ಶೋನಲ್ಲಿ ನನ್ನ ಹೆಸರಲ್ಲಿ ಇಡೋಣ ಅಂತ... ಬಂದಿದ್ದ ಅಂತಷ್ಟೇ ಹೇಳಿದ್ದೆ, ಈ ಹುಡುಗನ ತಲೆಗೇ ಬರುತ್ತೆ ಅಂದ್ಕೊಂಡಿರಲಿಲ್ಲ. ಬಂದಾಗ ಬಾಯಿ ಬಿಡೋ ಧೈರ್ಯ ಬರಲಿಲ್ಲ."

ಯಜಮಾನಿಯ ಸಿಟ್ಟು ಜರ್ರನೆ ಇಳಿಯಿತು. "ಅವಳು ಹೇಳಿದ್ದು ನಿಜ ರಾಯರೇ. ಮೊದಲು ಕದ್ದವಳು ನಾನೇ."

ಆಮೇಲೆ ಆಕೆ ಹುಡುಗನ ಕಡೆ ತಿರುಗಿದಳು. "ತಪ್ಪಾಯ್ತಪ್ಪ. ಮದುವೆಗೆ ನನ್ನ ಒಪ್ಪಿಗೆ ಇದೆ."

"ಇವನು ವಿಷ ಹಾಕಿಲ್ಲ ಅಂತ ರಾಯರು ಹೇಳಿದ್ಮೇಲೆ ಬಂದ ಒಪ್ಪಿಗೆ ನಂಗೆ ಬೇಡಮ್ಮ," ಎಂದಳು ಮಗಳು.

ಹುಡುಗ ಮಸಿ ಮೆತ್ತಿದ ಕೈಗಳನ್ನು ಜೋಡಿಸಿಕೊಂಡು, "ನಂಗೆ ಬೇಕು," ಎಂದ.