ಬಿಡು ಅಂದದ್ದು ಹುಟ್ಟಿಗೆ

"ಕಣ್ಣು ಕಾಣಲ್ವೇನ್ರೀ?!"

ಕೆರೆಯಂಚಿನ ದೋಣಿ ಶೆಡ್ಡಿನ ಬಾಗಿಲಲ್ಲಿ ಮುಗ್ಗರಿಸಿ ಬಿದ್ದಿದ್ದವನು ನಿಧಾನವಾಗಿ ಎದ್ದು ಕೂತ. ಮೊಣಕೈ ಒರೆಸಿಕೊಂಡ.

"ಇಲ್ಲ ರೀ... ಕಾಣಲ್ಲ."

ಅವಳು ನಾಲಿಗೆ ಕಚ್ಚಿಕೊಂಡಳು. ಅವನ ಪಕ್ಕದಲ್ಲೇ ಬಿಳಿ ಕೋಲು ಬಿದ್ದಿತ್ತು. ಅಯ್ಯೋ, ನನ್ನ ಬಾಯಿಗಿಷ್ಟು!

"ಅದ್ಸರಿ, ನೀವು ಹೀಗೆ ದಾರಿಗಡ್ಡ ಕಾಲು ಚಾಚ್ಕೊಂಡು ಕೂರೋದಾ?" ಅಂದ ಅವನು.

"ನಾನು ಬೆಂಚಿನ ಮೇಲಿದ್ದೀನಿ. ದಾರೀಲಿ ಇದ್ದಿದ್ದು... ನನ್ನ ಕಾಲು ಮಾತ್ರ."

ಅವನು ತಡವಿ ಆ ಕೃತಕ ಕಾಲನ್ನು ಎತ್ತಿಕೊಂಡ. ಪಾದದಿಂದ ಮಂಡಿಯವರೆಗೂ ಮುಟ್ಟಿ ನೋಡಿದ. ಆಮೇಲೆ ಇಬ್ಬರೂ ನಕ್ಕ ನಗುವಿಗೆ ಕೋಚ್ ಒಳಗಿಂದ ಓಡಿ ಬಂದರು.

"ಪರಿಚಯ ಆಯ್ತಾ? ಟೈಲರಮ್ಮ, ಇವನು ಬೇಕರಿ. ಹಿಟ್ಟು ನಾದಿ ನಾದಿ ತೋಳು ಕಬ್ಬಿಣ ಮಾಡ್ಕೊಂಡಿದ್ದಾನೆ. ಇವತ್ತಿಂದ ನಿಮ್ಮಿಬ್ಬರದು ಒಂದೇ ದೋಣಿ."

ಅವಳದು ಪುಟ್ಟ ಹೊಲಿಗೆ ಅಂಗಡಿ, ಅದರ ಮೇಲಿನ ಕೋಣೆಯಲ್ಲೇ ವಾಸ. ಅಪಘಾತದಲ್ಲಿ ಕಾಲು ಹೋಯಿತು. ಅದರ ಹಿಂದೆಯೇ ಮದುವೆ ನಿಶ್ಚಯವಾಗಿದ್ದ ಹುಡುಗನೂ ಹೋದ. ಕಾಲಿಗಾದರೂ ಬದಲಿ ಸಿಕ್ಕಿತು! ಕೋಣೆಯಲ್ಲಿ ಎರಡು ಕುರ್ಚಿ. ಊಟದ ಹೊತ್ತಿಗೆ ಒಂದರಲ್ಲಿ ಅವಳು, ಎದುರಿನದರಲ್ಲಿ ಬಿಚ್ಚಿಟ್ಟ ಕಾಲು. ಅಕ್ಕ ಫೋನ್ ಮಾಡಿ "ಊಟ ಆಯ್ತೇನೇ?" ಅಂದರೆ, "ಇಬ್ರದ್ದೂ ಆಯ್ತು ಕಣೇ" ಅನ್ನುತ್ತಿದ್ದಳು. ಅಕ್ಕ ನಗುತ್ತಿದ್ದಳು. ಫೋನ್ ಇಟ್ಟ ಮೇಲೆ ಇವಳು ಅಳುತ್ತಿದ್ದಳು.

ಇನ್ನು ಆ ದೋಣಿ. ಅಂಗವಿಕಲರ ರೋಯಿಂಗ್ ಸ್ಪರ್ಧೆಯಲ್ಲಿ ಒಂದು ಗಂಡು, ಒಂದು ಹೆಣ್ಣು ಜೊತೆಯಾಗಿ ನಡೆಸುವ ದೋಣಿ. ಒಬ್ಬರಿಲ್ಲದಿದ್ದರೆ ಇನ್ನೊಬ್ಬರಿಗೂ ಜಾಗವಿಲ್ಲ. ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರಬೇಕು. ಮುಂದೆ ಅವನು, ಅವನ ಬೆನ್ನ ಹಿಂದೆ ಅವಳು. ಆಗಾಗ ತಿರುಗಿ ದಾರಿ ನೋಡುವವಳೂ ಅವಳೇ, ಕೂಗುವವಳೂ ಅವಳೇ.

"ಹಿಡಿ!" ಅಂದರೆ ಹುಟ್ಟು ನೀರಿಗೆ. "ಬಿಡು!" ಅಂದರೆ ಹುಟ್ಟು ನೀರಿನಿಂದ ಮೇಲಕ್ಕೆ.

ಮೊದಲ ದಿನ ಅವಳು "ಹಿಡೀರಿ... ಬಿಡ್ರಿ..." ಅಂತ ಕೂಗಿದ್ದಕ್ಕೆ ಕೋಚ್ ಹಣೆ ಚಚ್ಚಿಕೊಂಡರು.

"ನೀನು ಮರ್ಯಾದೆ ಕೊಡೋಷ್ಟರಲ್ಲಿ ಪಕ್ಕದ ದೋಣಿ ಗೆದ್ದು ಮನೆಗೆ ಹೋಗಿರುತ್ತೆ ಕಣಮ್ಮ!"

ಅಂದಿನಿಂದ ನೀರಿನ ಮೇಲೆ ಏಕವಚನ, ದಡಕ್ಕೆ ಬಂದರೆ ಬಹುವಚನ.

ತಿಂಗಳುಗಳು ಕಳೆದವು. ಅವಳಿಗೆ ಅವನ ಬೆನ್ನು ಬಾಯಿಪಾಠವಾಯಿತು. ಅವನ ಅಂಗಿಯ ತೋಳಿನ ಹೊಲಿಗೆ ಬಿಚ್ಚಿದ್ದು ಕಂಡು, ಕೇಳದೆಯೇ ಹಾಕಿಕೊಟ್ಟಳು. ಅವನು ಮರುದಿನ ಬಿಸಿ ಬನ್ನು ತಂದ. ಆದರೆ ದಡದಲ್ಲಿ "ಬರ್ತೀನಿ ರೀ", "ಹುಷಾರು ರೀ"... ಅಷ್ಟೇ. ಆಮೇಲೆ ಅವಳು ತನ್ನ ಕುರ್ಚಿಗೆ, ಅವನು ತನ್ನ ಹಿಟ್ಟಿಗೆ.

ಆಯ್ಕೆ ಸ್ಪರ್ಧೆ ಹತ್ತಿರ ಬಂದಿತ್ತು. ಅವತ್ತು ಜೋರು ಎದುರುಗಾಳಿ. ಹುಟ್ಟು ಹಾಕುತ್ತಲೇ ಅವನು, ಅವಳಿಗೆ ಬೆನ್ನು ಮಾಡಿ, ಕೇಳಿಬಿಟ್ಟ.

"ದೋಣಿ ಇಳಿದ ಮೇಲೂ... ನನ್ನ ಜೊತೆ ಇರ್ತೀಯಾ?"

ಎಷ್ಟು ದಿನ ಹಿಟ್ಟಿನ ಜೊತೆ ನಾದಿದ್ದ ಮಾತೋ ಅದು! ಗಾಳಿ ಅದನ್ನು ಎತ್ತಿಕೊಂಡು ಹೋಯಿತು. ಹಿಂದೆ ಕೂತವಳಿಗೆ ಒಂದಕ್ಷರವೂ ಕೇಳಿಸಲಿಲ್ಲ.

ಅದೇ ಗಳಿಗೆಗೆ ಅವಳು ದಾರಿ ನೋಡಲು ತಿರುಗಿದಳು. ಮರದ ದಿಮ್ಮಿಯೊಂದು ತೇಲಿ ಬರುತ್ತಿತ್ತು!

"ಬಿಡು!" ಕಿರುಚಿದಳು. "ಬಿಡು ಅಂದ್ನಲ್ಲ... ಬಿಡು!"

ಅವನು ಹುಟ್ಟು ಎತ್ತಿದ. ದಿಮ್ಮಿ ಹುಟ್ಟಿನ ಕೆಳಗಿಂದ ನುಣುಚಿಕೊಂಡು ಹೋಯಿತು.

"ಸದ್ಯ, ತಪ್ಪಿತು!" ಅಂತ ಅವಳು ನಿಟ್ಟುಸಿರು ಬಿಟ್ಟಳು.

ಪಾಪ, ಅವನಿಗೆ ಕೇಳಿಸಿದ್ದು ಇಷ್ಟೇ. ದಡದಲ್ಲಿ ಅವನು "ಹುಷಾರು ರೀ" ಅನ್ನಲಿಲ್ಲ. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಅವಳು ಒಬ್ಬಳೇ ಬೆಂಚಿನ ಮೇಲೆ ಕೂತು ಖಾಲಿ ದೋಣಿ ನೋಡಿದಳು. ಇವರೂ ಹೋದ್ರು... ನನ್ನ ಹಣೆಬರಹವೇ ಇಷ್ಟು! ಸ್ಪರ್ಧೆ ಹೋದರೆ ಹೋಗಲಿ. ಆದರೆ ಆ ಬೆನ್ನು ಕಾಣದ ಬೆಳಗನ್ನು ಹೇಗೆ ಕಳೆಯುವುದು?

"ಏನಮ್ಮ ಜಗಳ ನಿಮ್ದು?" ಕೋಚ್ ರೇಗಿದರು. "ಬೇಕರಿ ಬರಲ್ಲವಂತೆ. 'ಅವರೇ ಬಿಡು ಅಂದ್ರು ಸಾರ್, ಬಿಟ್ಟೆ' ಅಂತಾನೆ!"

"ದಿನಾ ಸಾವಿರ ಸಲ ಅಂತೀನಲ್ಲ ಸಾರ್, ಬಿಡು ಅಂತ!"

ಅಂದವಳು ತಟ್ಟನೆ ನಿಂತಳು. ಏನನ್ನು ಬಿಟ್ಟರು ಇವರು?

ಬೇಕರಿಯ ಹಿಂಬಾಗಿಲು ತೆರೆದೇ ಇತ್ತು. ಒಲೆಯ ಶಾಖ, ಸುಟ್ಟ ಸಕ್ಕರೆಯ ವಾಸನೆ. ಅವನು ಹಿಟ್ಟು ನಾದುತ್ತಿದ್ದ. ಅವಳ ಹೆಜ್ಜೆ ಕೇಳಿಯೂ ತಿರುಗಲಿಲ್ಲ.

"ಯಾಕೆ ಬಂದ್ರಿ? ಬಿಡು ಅಂದ್ರಿ, ಬಿಟ್ಟೆನಲ್ಲ."

"ಬಿಡು ಅಂದಿದ್ದು ಹುಟ್ಟಿಗೆ ರೀ! ದಿಮ್ಮಿ ಬಂದಿತ್ತು!"

ನಾದುತ್ತಿದ್ದ ಕೈ ನಿಂತಿತು.

"ಮತ್ತೆ... 'ಸದ್ಯ, ತಪ್ಪಿತು' ಅಂದಿದ್ದು?"

"ದಿಮ್ಮಿ ತಪ್ಪಿತು ಅಂತ! ಇನ್ನೇನು?"

"ಅಂದ್ರೆ... ನಾನು ಕೇಳಿದ್ದು ನಿಮಗೆ ಕೇಳಿಸ್ಲೇ ಇಲ್ವಾ?"

"ಬೆನ್ನು ಹಾಕಿ ಕೇಳಿದ್ರೆ ಗಾಳಿಗೆ ಕೇಳಿಸಿರುತ್ತೆ. ನಂಗಲ್ಲ! ಈಗ ತಿರುಗಿ ಕೇಳಿ."

ಅವನು ತಿರುಗಿದ. ಹುಬ್ಬಿಗೆ ಹಿಟ್ಟು ಮೆತ್ತಿತ್ತು. ಇಷ್ಟು ದಿನ ಆ ಬೆನ್ನಿನ ಆಚೆ ಇಂಥ ಮುಖ ಇತ್ತಾ?

"ದೋಣಿ ಇಳಿದ ಮೇಲೂ... ನನ್ನ ಜೊತೆ ಇರ್ತೀರಾ?"

ಎಷ್ಟು ಒಂಟಿ ಊಟ, ಎಷ್ಟು ಸುಳ್ಳು ನಗು... ಎಲ್ಲ ಒಟ್ಟಿಗೆ ಕಣ್ಣಿಗೆ ಬಂತು. ಅವನ ಹಿಟ್ಟಿನ ಕೈಯೊಳಗೆ ತನ್ನ ಕೈ ಇಟ್ಟಳು.

"ಹಿಡಿ," ಅಂದಳು.

ದಡದ ಮೇಲೆ, ಮೊದಲ ಸಲ ಏಕವಚನ!

ಅವನು ಹಿಡಿದ. ಅಭ್ಯಾಸಬಲ, ಮುಂದಿನ ಮಾತಿಗೆ ಕಾದ. ಅವಳು ಏನೂ ಹೇಳಲಿಲ್ಲ.

"ಬಿಡು ಅನ್ನಲ್ವಾ?"

"ಅದು ದೋಣೀಲಿ ಮಾತ್ರ. ನಾಳೆ ಬೆಳಿಗ್ಗೆ ಬಂದ್ರೆ ಅಂತೀನಿ."

"ಬರ್ತೀನಿ... ಆಮೇಲೆ ನಿನ್ನ ಮನೆಗೂ ಬರ್ತೀನಿ."

"ನನ್ನ ಹತ್ರ ಎರಡೇ ಕುರ್ಚಿ. ಒಂದರಲ್ಲಿ ನನ್ನ ಕಾಲು ಕೂತಿರುತ್ತೆ."

"ನಾನು ನೆಲದ ಮೇಲೆ ಕೂತ್ಕೋತೀನಿ ಬಿಡು."

"ಬೇಡ. ಕಾಲನ್ನೇ ಕೆಳಗಿಡ್ತೀನಿ."

"ಇಡು," ಅವನು ಅವಳ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡ. "ಆದ್ರೆ ದಾರೀಲಿ ಮಾತ್ರ ಇಡ್ಬೇಡ!"